ಹಳೆಯ ವೇಷದ ಹಠ

ವೆರ್ದಿಯ ‘ಲಾ ತ್ರಾವಿಯಾತ’ ಗೀತನಾಟಕವನ್ನು ಈ ಕಾಲದ ಉಡುಪಿನಲ್ಲಿ ಆಡಿದೊಡನೆಯೇ ಕರ್ತೃವಿಗೆ ದ್ರೋಹವಾಯಿತೆಂದು ಕೂಗುವ ರಸಿಕರು ಯೂರೋಪಿನಲ್ಲಿ ಅನೇಕರುಂಟು. ಕರ್ತೃವಿನ ಹೆಸರೆತ್ತುವ ಈ ಮಹಾಶಯರು ಕೃತಿಯ ಚರಿತ್ರೆಯನ್ನೇ ಮರೆತಿರುವರು.

ಕಿರಿಯ ದ್ಯೂಮಾನ ಕಾದಂಬರಿ ಹೊರಬಂದುದು 1848ರಲ್ಲಿ. ಅದು ನಾಟಕವಾಗಿ ಪ್ಯಾರಿಸ್ಸಿನಲ್ಲಿ ರಂಗವೇರಿದುದು 1852ರಲ್ಲಿ. ಮರುವರ್ಷವೇ, ಮಾರ್ಚ್ 6ರಂದು, ವೆನಿಸ್ಸಿನ ಲಾ ಫೆನಿಚೆ ರಂಗಮಂದಿರದಲ್ಲಿ ವೆರ್ದಿಯ ಕೃತಿ ಪ್ರಯೋಗವಾಯಿತು. ಪಾತ್ರಗಳು ತನ್ನ ಕಾಲದ ಉಡುಪನ್ನೇ ತೊಡಬೇಕೆಂಬುದು ಆತನ ಇಚ್ಛೆಯಾಗಿದ್ದಿತು. ಕಥೆಯನ್ನು 1700ರ ಸುಮಾರಿಗೆ ಹಿಂದೂಡಿದವರು ಅಧಿಕಾರಿಗಳು. ಇಂತಿರಲು, ಹಳೆಯ ವೇಷವೆಂಬುದು ವೆರ್ದಿಯ ಸಂಪ್ರದಾಯವೋ, ಅಧಿಕಾರಿಗಳ ಸಂಪ್ರದಾಯವೋ?

1854ರಲ್ಲಿ ಸಾನ್ ಬೆನೆದೆತ್ತೊ ರಂಗಮಂದಿರದಲ್ಲಿ ಅದೇ ಹಳೆಯ ವೇಷದಲ್ಲಿಯೇ ಜಯ ದೊರೆಯಿತಲ್ಲವೆ ಎನ್ನಬಹುದು. ಅದು ತಿದ್ದಿದ ಸಂಗೀತದ, ಗಾಯಕರ ಶಕ್ತಿಗೆ ಸಾಕ್ಷಿಯೇ ಹೊರತು ವೇಷದ ಔಚಿತ್ಯಕ್ಕಲ್ಲ. 1850ರ ಉಡುಪನ್ನಾದರೂ ಉಳಿಸಬಾರದೆ ಎಂಬ ವಾದವೂ ನಿಲ್ಲದು. ಅಂದು ಆ ಉಡುಪು ಪ್ರೇಕ್ಷಕನ ಮೈಮೇಲೆಯೇ ಇದ್ದಿತು. ಇಂದು ಅದು ವಸ್ತುಸಂಗ್ರಹಾಲಯದ ಸೊತ್ತು.

ಮಗಳ ವಿವಾಹಕ್ಕೆ ಕಳಂಕ ತಟ್ಟದಿರಲೆಂದು ಜೆರ್ಮಾನನು ವಯೊಲೆತ್ತಳ ಪ್ರೇಮವನ್ನೇ ಬಲಿ ಕೇಳುವನು. ಆ ಮರ್ಯಾದಸ್ಥ ಕ್ರೌರ್ಯವನ್ನು ಸಭಿಕನು ತನ್ನದೆಂದು ಗುರುತಿಸದಿದ್ದರೆ ಕೃತಿಯ ಗತಿಯೇನು? 2005ರಲ್ಲಿ ಸಾಲ್ಜ್‌ಬರ್ಗಿನಲ್ಲಿ ವಿಲ್ಲಿ ಡೆಕ್ಕರನು ಬಹುಮಟ್ಟಿಗೆ ಬರಿದಾದ ರಂಗದ ಮೇಲೆ ದೊಡ್ಡದೊಂದು ಗಡಿಯಾರವನ್ನಿರಿಸಿ, ನಾಯಿಕೆಗೆ ಕೆಂಪು ಉಡುಗೆಯನ್ನು ತೊಡಿಸಿದನು. ಆಕೆಯ ಆಯುಸ್ಸು ಸವೆಯುವುದು ಎಲ್ಲರಿಗೂ ಕಂಡಿತು.

ಹೊಸ ಉಡುಪೆಲ್ಲವೂ ಒಳ್ಳೆಯ ಪ್ರಯೋಗವಾಗದು, ನಿಜ. ಆದರೆ ಜರಿಯಂಚಿನ ಮರೆಯಲ್ಲಿ ಸಭಿಕನನ್ನು ಅಡಗಿಸುವುದು ವೆರ್ದಿಯ ಸೇವೆಯಲ್ಲ. ಆತನನ್ನು ತಡೆದವರ ಸೇವೆ.