ಸೂಜಿ ಹಿಡಿದ ಕೈಗೆ ನಿಯಮ ಬೇಕು

2025ರ ಸೆಪ್ಟೆಂಬರ್ 9ರಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು ಫಿಸಿಯೊಥೆರಪಿಸ್ಟರು ಹೆಸರಿನ ಮುಂದೆ ‘ಡಾ.’ ಹಾಕಿಕೊಳ್ಳಬಾರದು ಎಂದು ಪತ್ರ ಬರೆಯಿತು. ಮರುದಿನವೇ ಆ ಪತ್ರವನ್ನು ಹಿಂಪಡೆಯಿತು. ವೈದ್ಯರು ಒಂದು ಕಡೆ, ಫಿಸಿಯೊಥೆರಪಿಸ್ಟರು ಇನ್ನೊಂದು ಕಡೆ ನಿಂತು ವಾದಿಸಿದ ಆ ಗದ್ದಲದಲ್ಲಿ ರೋಗಿಯ ಮೈಗೆ ನೇರವಾಗಿ ತಾಗುವ ಪ್ರಶ್ನೆ ಹಿಂದೆ ಬಿತ್ತು. ಡ್ರೈ ನೀಡ್ಲಿಂಗ್ ಎಂದು ಮಾಂಸಖಂಡಕ್ಕೆ ಸೂಜಿ ಇಳಿಸುವವರು ಯಾರಾಗಿರಬೇಕು, ಅದಕ್ಕಾಗಿ ಅವರು ಎಷ್ಟು ಕಲಿತಿರಬೇಕು?

ಇದು ಬೆಂಗಳೂರಿನ ಕ್ರೀಡಾಪಟುಗಳಿಗಷ್ಟೇ ಸೇರಿದ ಮಾತಲ್ಲ. ಕಲಬುರಗಿ ಜಿಲ್ಲೆಯಲ್ಲಿ ಜೇವರ್ಗಿಯಿಂದ ಬೇರೆಯಾಗಿ ತಾಲ್ಲೂಕಾದ ಯಡ್ರಾಮಿಯನ್ನೇ ನೋಡಿ. ಹತ್ತಿ ಬಿಡಿಸುವ, ಕಸ ತೆಗೆಯುವ, ತೊಗರಿ ಕೊಯ್ಯುವ ಹೆಣ್ಣುಮಕ್ಕಳ ಟೊಂಕ, ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿ ಭಾರ ಹೊರುವ ಗಂಡಸರ ಹೆಗಲು ನೋಯದೆ ಇರುವುದು ಅಪರೂಪ. ನೋವು ಹೆಚ್ಚಾದರೆ ‘ಸೂಜಿ ಮಾಡಿಸಿಕೊಂಡು’ ಮರುದಿನ ಮತ್ತೆ ಕೂಲಿಗೆ ಹೋಗುವುದು ಈ ಸೀಮೆಯ ರೂಢಿ. ಸೂಜಿಯ ಮೇಲೆ ಇಷ್ಟು ನಂಬಿಕೆ ಇರುವ ಕಡೆ ಡ್ರೈ ನೀಡ್ಲಿಂಗ್ ಸುಲಭವಾಗಿ ಬೇರೂರುತ್ತದೆ. ಸೂಜಿಯೊಳಗೆ ಔಷಧಿಯೇ ಇಲ್ಲ ಎಂಬುದನ್ನು ರೋಗಿಗೆ ಯಾರೂ ಹೇಳದೆಯೂ ಇರಬಹುದು.

ಔಷಧಿ ಇಲ್ಲದಿರುವುದೇ ಈ ಚಿಕಿತ್ಸೆಯ ಮೂಲ. ಅಮೆರಿಕದ ಅಧ್ಯಕ್ಷ ಕೆನಡಿಯವರ ವೈದ್ಯೆಯಾಗಿದ್ದ ಜಾನೆಟ್ ಟ್ರಾವೆಲ್ ಅವರು ಸ್ನಾಯುಗಳಲ್ಲಿ ಗಂಟುಗಟ್ಟಿ ನೋಯುವ ಜಾಗಗಳನ್ನು ಗುರುತಿಸಿ ಅಲ್ಲಿಗೆ ಮರಗಟ್ಟಿಸುವ ಮದ್ದು ಚುಚ್ಚುತ್ತಿದ್ದರು. ನೋವು ಇಳಿಸುವುದು ಮದ್ದಿಗಿಂತ ಹೆಚ್ಚಾಗಿ ಸೂಜಿಯೇ ಎಂದು ಜೆಕ್ ವೈದ್ಯ ಕಾರೆಲ್ ಲೆವಿಟ್ 1979ರಲ್ಲಿ ಬರೆದರು. ಇಂದು ಕೂದಲಿನಂತೆ ತೆಳ್ಳಗಿನ ಸೂಜಿಯನ್ನು ಬಿಗಿದ ಸ್ನಾಯುವಿಗೆ ಇಳಿಸುತ್ತಾರೆ. ಸ್ನಾಯು ಒಮ್ಮೆ ಅದುರುತ್ತದೆ, ಬಿಗಿತ ಸಡಿಲವಾಗುತ್ತದೆ. ಒಂದೆರಡು ದಿನ ಆ ಜಾಗ ನೋಯಲೂಬಹುದು.

ಇದು ಮೋಸವಲ್ಲ, ಪವಾಡವೂ ಅಲ್ಲ. ಅಧ್ಯಯನಗಳಲ್ಲಿ ಕಂಡಿರುವ ಲಾಭ ಹೆಚ್ಚಾಗಿ ಅಲ್ಪಾವಧಿಯದು. ದೀರ್ಘಕಾಲದಲ್ಲಿ ಇತರ ಫಿಸಿಯೊಥೆರಪಿ ಚಿಕಿತ್ಸೆಗಳಿಗಿಂತ ಇದು ಮೇಲು ಎನ್ನಲು ಗಟ್ಟಿ ಪುರಾವೆ ಇಲ್ಲ. ವ್ಯಾಯಾಮ ಹೇಳಿಕೊಡದೆ, ಬಾಗಿ ದುಡಿಯುವ ರೀತಿಯನ್ನು ವಿಚಾರಿಸದೆ ಬರೀ ಸೂಜಿ ಚುಚ್ಚಿ ಕಳಿಸಿದರೆ ಆ ಕೂಲಿಕಾರ್ತಿ ಸ್ವಲ್ಪ ದಿನದಲ್ಲೇ ಮತ್ತೆ ಬರುತ್ತಾಳೆ, ಮತ್ತೆ ದುಡ್ಡು ಕೊಡುತ್ತಾಳೆ.

ಅಪಾಯವೂ ಸಣ್ಣದಲ್ಲ. ಹೆಗಲು, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಸ್ನಾಯುವಿನ ಕೆಳಗೇ ಶ್ವಾಸಕೋಶವಿದೆ. ಸೂಜಿ ಆಳಕ್ಕೆ ಇಳಿದರೆ ಎದೆಗೂಡಿನೊಳಗೆ ಗಾಳಿ ಸೇರಿ ಶ್ವಾಸಕೋಶ ಕುಗ್ಗುತ್ತದೆ. 2025ರ ಡಿಸೆಂಬರ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಹೆಸರಾಂತ ಆಟಗಾರ ಟಿ.ಜೆ. ವಾಟ್ ಅವರಿಗೆ ಆದದ್ದು ಇದೇ. ಅವರಿಗೆ ತಕ್ಷಣ ಆಸ್ಪತ್ರೆ ಸಿಕ್ಕಿತು. ಯಡ್ರಾಮಿಯ ಹಳ್ಳಿಯೊಂದರಲ್ಲಿ ರಾತ್ರಿ ಉಸಿರುಗಟ್ಟಿದವರನ್ನು ಕಲಬುರಗಿಗೆ ಮುಟ್ಟಿಸಬೇಕು.

ಸೂಜಿ ಯಾರದು ಎಂಬ ಜಗಳ ಬೇರೆ ಕಡೆಯೂ ನಡೆದಿದೆ. ಇದು ನಮ್ಮ ವಿದ್ಯೆ ಎಂದು ಆಕ್ಯುಪಂಕ್ಚರ್‌ನವರು ಹೇಳಿದರು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2014ರಲ್ಲಿ ನ್ಯಾಯಾಲಯವೊಂದು ಫಿಸಿಯೊಥೆರಪಿಸ್ಟರ ವಿರುದ್ಧ ತೀರ್ಪು ಕೊಟ್ಟರೆ, ನಾರ್ತ್ ಕೆರೊಲಿನಾದ ಸುಪ್ರೀಂ ಕೋರ್ಟ್ 2018ರಲ್ಲಿ ಅವರ ಪರ ನಿಂತಿತು. ನನ್ನ ನಿಲುವು ಸ್ಪಷ್ಟ: ಅಂಗರಚನೆ ಓದಿದ, ಸ್ನಾಯುಗಳೊಂದಿಗೇ ಕೆಲಸ ಮಾಡುವ ಫಿಸಿಯೊಥೆರಪಿಸ್ಟರಿಂದ ಸೂಜಿ ಕಸಿದುಕೊಳ್ಳಬಾರದು. ಆದರೆ ಪದವಿಯೊಂದೇ ಸಾಲದು. ಶನಿವಾರ, ಭಾನುವಾರದ ಕಾರ್ಯಾಗಾರದಲ್ಲಿ ಕೈಗೆ ಬಂದ ಪ್ರಮಾಣಪತ್ರ ಜೀವದ ಹೊಣೆ ಹೊರಲಾರದು.

ಕಾನೂನಿನ ಆಧಾರ ಈಗಾಗಲೇ ಇದೆ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ ಫಿಸಿಯೊಥೆರಪಿಯನ್ನು ಒಳಗೊಂಡಿದೆ, ಪ್ರತಿ ರಾಜ್ಯದಲ್ಲೂ ಪರಿಷತ್ತು ಇರಬೇಕೆನ್ನುತ್ತದೆ. ಅದರ ಜಾರಿ ತಡವಾದುದಕ್ಕೆ 2024ರಲ್ಲಿ ಸುಪ್ರೀಂ ಕೋರ್ಟ್ ಗಡುವು ಹಾಕಬೇಕಾಯಿತು. ಬಳಸಿದ ಸೂಜಿಯನ್ನು ಅದು ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಿಗೆ ಹಾಕಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಹೀಗಿರುವಾಗ ‘ನಿಯಮ ಇಲ್ಲ’ ಎಂಬ ನೆಪ ಯಾರಿಗೂ ಒಪ್ಪುವುದಿಲ್ಲ.

ಸರ್ಕಾರ ಮೂರು ಕೆಲಸ ಮಾಡಲಿ. ಡ್ರೈ ನೀಡ್ಲಿಂಗ್‌ಗೆ ಬೇಕಾದ ತರಬೇತಿಯ ಅವಧಿ, ಪರೀಕ್ಷೆ, ಮೇಲ್ವಿಚಾರಣೆಯನ್ನು ರಾಜ್ಯ ಪರಿಷತ್ತು ಬರಹದಲ್ಲಿ ಗೊತ್ತುಮಾಡಲಿ. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಅಡಿ ನೋಂದಣಿ ಮಾಡುವ ಜಿಲ್ಲಾ ಪ್ರಾಧಿಕಾರ, ಯಾರು ಸೂಜಿ ಹಿಡಿಯುತ್ತಾರೆಂದು ತಪಾಸಣೆ ಮಾಡಲಿ. ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಂ ಫಿಸಿಯೊಥೆರಪಿಸ್ಟ್ ಇರಲಿ. ಸಂವಿಧಾನದ 371ಜೆ ಕಲಂ ಈ ಸೀಮೆಗೆ ತಂದ ವಿಶೇಷ ಸ್ಥಾನಮಾನ ದುಡಿಯುವವರ ಟೊಂಕನೋವಿಗೂ ಉಪಯೋಗಕ್ಕೆ ಬರಲಿ.

ಅಲ್ಲಿಯವರೆಗೆ ಓದುಗರು ಮಂಚದ ಮೇಲೆ ಮಲಗುವ ಮೊದಲೇ ಕೇಳಬೇಕು: ನೀವು ಎಲ್ಲಿ, ಎಷ್ಟು ದಿನ ಕಲಿತಿರಿ? ಸೂಜಿ ಹೊಸದೇ, ನನ್ನ ಕಣ್ಣೆದುರಿಗೇ ಪೊಟ್ಟಣ ಒಡೆಯುತ್ತೀರಾ? ಸೂಜಿಯ ನಂತರ ಯಾವ ವ್ಯಾಯಾಮ ಕಲಿಸುತ್ತೀರಿ? ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ ಅದನ್ನು ಮೊದಲೇ ಹೇಳಿ. ಈ ಪ್ರಶ್ನೆಗಳಿಗೆ ಸಿಟ್ಟಾಗುವವರ ಕೈಗೆ ನಿಮ್ಮ ಬೆನ್ನು ಕೊಡಬೇಡಿ.