ಮೊದಲ ಮನೆಗೆ ಹೊಸಪೇಟೆಯೋ, ಕಮಲಾಪುರವೋ?

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಎರಡರ ಕಷ್ಟವನ್ನೂ ಉಂಡವರ ಮಾತು ಅದು. ಆದರೆ ಆ ಮಾತನ್ನಾಡಿದವರಿಗೆ ಮನೆಯನ್ನು ಯಾವ ಊರಿನಲ್ಲಿ ಕಟ್ಟಬೇಕೆಂಬ ಚಿಂತೆ ಇದ್ದಂತೆ ತೋರುವುದಿಲ್ಲ. ತಾತ ಬಾಳಿದ ಊರಿನಲ್ಲಿಯೇ ಮೊಮ್ಮಗನೂ ಬಾಳುತ್ತಿದ್ದ ಕಾಲ ಅದು. ಇಂದಿನ ಸಂಬಳದ ಸಂಸಾರಕ್ಕೆ ಊರನ್ನು ಗೊತ್ತುಮಾಡುವುದು ವರ್ಗಾವಣೆಯ ಆಜ್ಞೆ. ಅನ್ನ ಕೊಡುವ ಕೆಲಸ ಕರೆದಲ್ಲಿಗೆ ಗಂಟುಮೂಟೆ ಕಟ್ಟಿಕೊಂಡು ಹೋಗಬೇಕು. ಹೋದಲ್ಲಿ ಕೆಲವು ವರ್ಷ ಬಾಡಿಗೆ ತೆತ್ತ ಮೇಲೆ, ಇಷ್ಟು ಹಣದಲ್ಲಿ ಸ್ವಂತದ್ದೊಂದು ಸೂರು ಆಗುತ್ತಿತ್ತಲ್ಲ ಎಂಬ ಯೋಚನೆ ರಾತ್ರಿಯ ನಿದ್ದೆಯನ್ನು ಕೆಡಿಸತೊಡಗುತ್ತದೆ.

2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆ ರಾಜ್ಯದ ಮೂವತ್ತೊಂದನೆಯ ಜಿಲ್ಲೆಯಾಯಿತು. ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಹೊಸ ಕಚೇರಿಗಳೊಡನೆ ಹೊಸ ಸಂಸಾರಗಳೂ ಬಂದವು. ಅಂತಹದೊಂದು ಸಂಸಾರದ ಚಿತ್ರವನ್ನು ವಾಚಕರು ಕಣ್ಣ ಮುಂದೆ ತಂದುಕೊಳ್ಳಬಹುದು. ಯಜಮಾನರು ಹೊಸಪೇಟೆಯ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುವವರು. ಗೃಹಿಣಿಗೆ ಕಮಲಾಪುರದ ಕಡೆಯ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯ ಕೆಲಸ. ಓದುವ ಮಕ್ಕಳಿಬ್ಬರು. ಮೈಸೂರಿನಿಂದ ಜತೆಗೆ ಬಂದ ವೃದ್ಧ ತಾಯಿ. ಕೈಯಲ್ಲಿದ್ದ ಹಣವೆಂದರೆ ಹನ್ನೆರಡು ವರ್ಷದ ಉಳಿತಾಯ, ಮತ್ತು ಆ ತಾಯಿ ತನ್ನ ತವರಿನ ಪಾಲಿಗೆ ಬಂದಿದ್ದ ನಿವೇಶನವನ್ನು ಮಾರಿ ಮಗನ ಕೈಗಿಟ್ಟ ಮೊತ್ತ. ಉಳಿದುದು ಬ್ಯಾಂಕಿನ ಸಾಲ. ಒಮ್ಮೆ ತಪ್ಪು ಮಾಡಿದರೆ ಮತ್ತೊಮ್ಮೆ ಪ್ರಯತ್ನಿಸುವಷ್ಟು ಬಲ ಇಂತಹ ಸಂಸಾರಕ್ಕೆ ಇರುವುದಿಲ್ಲ.

ಎಲ್ಲಿ ಕೊಳ್ಳಬೇಕು? ಭೂಪಟವನ್ನು ಹರಡಿಕೊಂಡು ಕುಳಿತರೆ ನಾಲ್ಕು ಹೆಸರುಗಳು ಕಾಣುತ್ತವೆ. ಸಂಡೂರು ಬೆಟ್ಟಗಳ ನಡುವಿನ ತಂಪಾದ ಊರು. ಮಳೆಗಾಲದಲ್ಲಿ ಅಲ್ಲಿನ ಹಸುರನ್ನು ನೋಡಿದವರು ಅಲ್ಲಿಯೇ ನಿಲ್ಲಬೇಕೆನ್ನುತ್ತಾರೆ. ಆದರೆ ಹೊಸಪೇಟೆಗೆ ಅಲ್ಲಿಂದ ಸುಮಾರು ಮೂವತ್ತು ಕಿಲೋಮೀಟರು, ಮತ್ತು ಅದಿರಿನ ಲಾರಿಗಳ ಸಹವಾಸ. ಕಂಪ್ಲಿ ಭತ್ತ, ಕಬ್ಬುಗಳ ಸಮೃದ್ಧ ನೆಲ. ಆದರೆ ತುಂಗಭದ್ರೆಗೆ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಗಂಗಾವತಿಯ ಕಡೆಗೆ ಹೋಗುವ ಅಲ್ಲಿಯ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಇವೆರಡೂ ಊರುಗಳು ಇಂದಿಗೂ ಬಳ್ಳಾರಿ ಜಿಲ್ಲೆಯಲ್ಲಿಯೇ ಇವೆ. ಹೀಗೆ ಕೊನೆಗೆ ಉಳಿಯುವುದು ಹೊಸಪೇಟೆ ಮತ್ತು ಅಲ್ಲಿಂದ ಹನ್ನೆರಡು ಕಿಲೋಮೀಟರು ದೂರದ ಕಮಲಾಪುರ.

ಹೊಸಪೇಟೆಯ ಅನುಕೂಲಗಳನ್ನು ವಿವರಿಸಬೇಕಾಗಿಲ್ಲ. ರೈಲು ಜಂಕ್ಷನ್ನು, ಆಸ್ಪತ್ರೆಗಳು, ಕಾಲೇಜುಗಳು, ಪೇಟೆ, ಎಲ್ಲವೂ ಅಲ್ಲಿವೆ. ಆದರೆ ಅಲ್ಲಿಯ ಬೆಲೆಗೆ ಒಂದು ಚರಿತ್ರೆಯಿದೆ. ಅದಿರಿನ ರಫ್ತು ಭರದಿಂದ ಸಾಗುತ್ತಿದ್ದ ಕಾಲದಲ್ಲಿ ಗಣಿಯ ಹಣ ಪೇಟೆಯಲ್ಲಿ ಹರಿದಾಡಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿದಾಗ ಲಾರಿಗಳು ಸಾಲುಸಾಲಾಗಿ ನಿಂತುಬಿಟ್ಟವು. 2013ರಲ್ಲಿ ಷರತ್ತುಗಳೊಡನೆ ಕೆಲಸ ಮತ್ತೆ ಆರಂಭವಾಯಿತು. ಏರಿದ ಕಾಲದ ಬೆಲೆಯನ್ನೇ ಶಾಶ್ವತವೆಂದು ನಂಬಿ ಸಾಲ ಮಾಡಬಾರದೆಂಬ ಪಾಠ ಇಲ್ಲಿದೆ. ಹೊಸ ಜಿಲ್ಲೆಯ ಉತ್ಸಾಹದಲ್ಲಿ ಕೇಳುವ ಬೆಲೆಗೂ ಈ ಎಚ್ಚರಿಕೆ ಸಲ್ಲುತ್ತದೆ.

ಕಮಲಾಪುರದ ಆಕರ್ಷಣೆ ಬೇರೆ ಬಗೆಯದು. ವಿಜಯನಗರದ ಅರಸರ ಕಾಲದ ದೊಡ್ಡ ಕೆರೆ, ಅದಕ್ಕೆ ನೀರು ತರುವ ರಾಯ ಕಾಲುವೆ, ಬಾಳೆ ಕಬ್ಬುಗಳ ತೋಟ. ಊರಿನ ಉತ್ತರಕ್ಕೆ ರಾಣಿಯ ಸ್ನಾನಗೃಹ, ಪೂರ್ವಕ್ಕೆ ಪಟ್ಟಾಭಿರಾಮ ದೇವಾಲಯ, ಕಂಪ್ಲಿಯ ದಾರಿಯಲ್ಲಿ ಮಾಲ್ಯವಂತ ರಘುನಾಥ. 1972ರಲ್ಲಿ ಇಲ್ಲಿಗೆ ಬಂದ ಪುರಾತತ್ತ್ವ ಸಂಗ್ರಹಾಲಯ ಊರಿನಲ್ಲಿಯೇ ಇದೆ. 1991ರಲ್ಲಿ ಸ್ಥಾಪನೆಯಾದ ಕನ್ನಡ ವಿಶ್ವವಿದ್ಯಾಲಯವೂ ಸಮೀಪದಲ್ಲಿದೆ. ಗೃಹಿಣಿಯ ಶಾಲೆ ಹತ್ತಿರ. ಯಜಮಾನರಿಗೆ ಬಸ್ಸಿನ ಅನುಕೂಲವಿದೆ.

ದಲ್ಲಾಳಿ ತೋರಿಸಿದ ಮೊದಲ ಮನೆ ಎಲ್ಲರ ಮನಸ್ಸನ್ನೂ ಸೆಳೆಯಿತು. ಗಟ್ಟಿ ಕಲ್ಲಿನ ಗೋಡೆ, ವಿಶಾಲವಾದ ಪಡಸಾಲೆ, ಹಿತ್ತಲಿನಲ್ಲಿ ಬೇವಿನ ಮರ. ಹಿತ್ತಲಿನಾಚೆ ಕೆಲವೇ ಮಾರು ದೂರದಲ್ಲಿ ಪ್ರಾಚೀನ ಕಟ್ಟಡವೊಂದರ ಅವಶೇಷ. ಮಕ್ಕಳು ಆಗಲೇ ಅದನ್ನು ತಮ್ಮ ಕೋಟೆಯೆಂದು ಕರೆಯತೊಡಗಿದರು. ಮೇಲೊಂದು ಮಹಡಿ ಎಬ್ಬಿಸಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟರೆ ಬ್ಯಾಂಕಿನ ಕಂತು ತಾನಾಗಿಯೇ ಸಂದುಹೋಗುತ್ತದೆಂದು ದಲ್ಲಾಳಿ ಲೆಕ್ಕ ಹಾಕಿ ತೋರಿಸಿದನು. ಮುಂಗಡ ಕೊಡಲು ಯಜಮಾನರು ಚೀಲಕ್ಕೆ ಕೈ ಹಾಕಿದ್ದರು. ಆಗ ಗೃಹಿಣಿ ಮನೆಯೊಡೆಯನ ಕಡೆ ತಿರುಗಿ, "ಇಷ್ಟು ಚೆನ್ನಾದ ಮನೆಯನ್ನು ಏಕೆ ಮಾರುತ್ತಿದ್ದೀರಿ?" ಎಂದು ಕೇಳಿದಳು.

ಮುದುಕ ಸ್ವಲ್ಪ ಹೊತ್ತು ಸುಮ್ಮನಿದ್ದು ನುಡಿದನು: "ನೀವು ಕೇಳಿದ್ರಿ ಅಂತ ಹೇಳ್ತೀನ್ರೀ ಅಮ್ಮಾ. ಮಗನಿಗೆ ಮದುವೆ ಗೊತ್ತಾಗೈತಿ. ಸೊಸೆಗೆ ಒಂದು ಕೋಣೆ ಬೇಕು. ಇಲ್ಲಿ ಹೊಸದಾಗಿ ಒಂದು ಗೋಡೆ ಎಬ್ಬಿಸಾಕ ಬಿಡಂಗಿಲ್ಲ. ಮಹಡಿ ಏರಿಸೋ ಹಂಗಿದ್ರ ನಾ ಯಾಕ ಮಾರ್ತಿದ್ದೆ?"

ದಲ್ಲಾಳಿಯ ಮುಖ ಕಪ್ಪಿಟ್ಟಿತು. ಯಜಮಾನರ ಕೈ ಚೀಲದಿಂದ ಬರಿದಾಗಿ ಹೊರಬಂದಿತು.

ಮುದುಕ ಹೇಳಿದುದು ಊರಿನ ಗಾಳಿಮಾತಾಗಿರಲಿಲ್ಲ. ಪ್ರಾಚೀನ ಸ್ಮಾರಕಗಳ 1958ರ ಕೇಂದ್ರ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರಿನವರೆಗೆ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು. ಇರುವ ಮನೆಯ ಮೇಲೆ ಮಹಡಿ ಏರಿಸುವುದನ್ನೂ, ಪಕ್ಕಕ್ಕೆ ಕೋಣೆ ಕೂಡಿಸುವುದನ್ನೂ ಕಾಯಿದೆ ಹೊಸ ಕಟ್ಟಡವೆಂದೇ ಎಣಿಸುತ್ತದೆ. 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಗೆ ಅನುಮತಿ ಪಡೆದು ದುರಸ್ತಿ ಮಾಡಿಸಬಹುದು. ನಿಷೇಧಿತ ಪ್ರದೇಶದಿಂದಾಚೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿಯೊಡನೆ ಕಟ್ಟಬಹುದು. ಅಳತೆ ಆರಂಭವಾಗುವುದು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತ ಪ್ರದೇಶದ ಎಲ್ಲೆಯಿಂದ ಎಂಬುದನ್ನು ಕೊಳ್ಳುವವರು ಮರೆಯಬಾರದು.

ಇದು ಒಂದು ಕಾಯಿದೆ. 1986ರಲ್ಲಿ ಹಂಪಿಯ ಸ್ಮಾರಕಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ತಳವಾರಘಟ್ಟದ ಬಳಿ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆಯೇ ಮೊದಲಾದ ಕಾರಣಗಳಿಂದ 1999ರಲ್ಲಿ ಅವನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿದರು. ಅಲ್ಲಿಂದ ಹೆಸರು ಹೊರಬಂದುದು 2006ರಲ್ಲಿ. ಈ ನಡುವೆ 2002ರ ರಾಜ್ಯ ಕಾಯಿದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ಕಮಲಾಪುರ ಅದರ ವ್ಯಾಪ್ತಿಯ ಊರು. ಸ್ಮಾರಕದಿಂದ ದೂರವಿರುವ ನಿವೇಶನಕ್ಕೂ ಆ ಪ್ರಾಧಿಕಾರದ ನಿಯಮಗಳು ಅನ್ವಯಿಸುತ್ತವೆ.

ನಿಯಮಗಳು ಕಾಗದದ ಮೇಲೆ ಮಲಗಿರುತ್ತವೆಂದು ಭಾವಿಸಿದವರೂ ಉಂಟು. 2011ರ ಜುಲೈನಲ್ಲಿ ಹಂಪಿಯ ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನಲ್ಲಿ, ಸಾಲುಮಂಟಪಗಳನ್ನೇ ಮನೆ ಅಂಗಡಿ ಮಾಡಿಕೊಂಡು ಬಾಳುತ್ತಿದ್ದ ಸಂಸಾರಗಳನ್ನು ಎಬ್ಬಿಸಲಾಯಿತು. ಅವರಿಗೆ ಬದಲಿ ಸ್ಥಳವನ್ನು ಗೊತ್ತುಮಾಡಿದುದು ಕಡ್ಡಿರಾಂಪುರದಲ್ಲಿ. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ನದಿಯಾಚೆಯ ವಿರೂಪಾಪುರ ಗಡ್ಡೆಯ ಪ್ರವಾಸಿ ವಸತಿಗಳು ನೆಲಸಮವಾದವು. ಪರಂಪರೆಯನ್ನು ಕಾಪಾಡುವುದು ನಾಡಿನ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಕರ್ತವ್ಯದ ಭಾರ ನೋಡಿ ಹೋಗುವ ಪ್ರವಾಸಿಯ ಹೆಗಲಿಗಿಂತ, ಅಲ್ಲಿಯೇ ಒಲೆ ಹೊತ್ತಿಸುವ ಗೃಹಸ್ಥನ ಹೆಗಲ ಮೇಲೆ ಹೆಚ್ಚು ಬೀಳುತ್ತದೆಂಬುದೂ ಸತ್ಯವೇ.

ಆ ರಾತ್ರಿ ಬಾಡಿಗೆ ಮನೆಯಲ್ಲಿ ಊಟಕ್ಕೆ ಕುಳಿತಾಗ ಯಜಮಾನರು, "ಸಾಕು, ಹೊಸಪೇಟೆಯಲ್ಲಿಯೇ ನೋಡೋಣ" ಎಂದರು. ಗೃಹಿಣಿ ಒಪ್ಪಲಿಲ್ಲ. "ಅಲ್ಲಾ ರೀ, ಒಂದು ಮನೆಯ ತೊಡಕು ಇಡೀ ಊರಿನ ತೊಡಕು ಹೇಗಾಗುತ್ತದೆ? ಒಂದು ವರ್ಷ ಕಮಲಾಪುರದಲ್ಲಿ ಬಾಡಿಗೆಗಿದ್ದು ನೋಡೋಣ. ಆಮೇಲೆ ಮುಂದಿನ ಮಾತು" ಎಂದಳು.

ಹೊಸ ಊರಿನಲ್ಲಿ ಮನೆ ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಜನವರಿಯಲ್ಲಿ ನೋಡಿದ ಮನೆ ಏಪ್ರಿಲಿನಲ್ಲಿ ಬೇರೆಯಾಗಿರುತ್ತದೆ. ಬಂಡೆಗಳ ಈ ನಾಡಿನಲ್ಲಿ ಹಗಲು ಕುಡಿದ ಬಿಸಿಲನ್ನು ಕಲ್ಲು ರಾತ್ರಿ ಹೊರಗೆ ಬಿಡುತ್ತದೆ. ಪಶ್ಚಿಮಕ್ಕೆ ಮುಖಮಾಡಿದ ಕೋಣೆಯಲ್ಲಿ ಮಲಗಿದವರಿಗೆ ಅದರ ಅರ್ಥ ತಿಳಿಯುತ್ತದೆ. ನಲ್ಲಿಯಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳವೆಬಾವಿ ಬೇಸಗೆಯಲ್ಲಿ ಏನಾಗುತ್ತದೆ, ಹಂಪಿ ಉತ್ಸವದ ದಿನಗಳಲ್ಲಿ ಬಸ್ಸು ಎಲ್ಲಿ ನಿಲ್ಲುತ್ತದೆ, ನಡುರಾತ್ರಿ ತಾಯಿಗೆ ಎದೆನೋವು ಬಂದರೆ ಹೊಸಪೇಟೆಗೆ ಎಷ್ಟು ಹೊತ್ತು ಬೇಕು, ಇವೊಂದನ್ನೂ ಮಾರುವವನು ಹೇಳಲಾರ. ನೆರೆಮನೆಯವರು ಹೇಳುತ್ತಾರೆ, ಅದಕ್ಕೆ ಮೊದಲು ನೆರೆಯವರಾಗಬೇಕು.

ಆ ಸಂಸಾರ ಬಾಡಿಗೆಗೆ ಬಂದ ವರ್ಷವೇ, 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ ಹತ್ತೊಂಬತ್ತನೆಯ ಗೇಟು ಕೊಚ್ಚಿಹೋಯಿತು. ನದಿದಂಡೆಯ ಜನ ಪ್ರವಾಹಕ್ಕೆ ಹೆದರಿದರು. ಕಾಲುವೆಯ ರೈತರು ಬೆಳೆಗೆ ನೀರು ಉಳಿಯದೆಂದು ಹೆದರಿದರು. ವಾರದೊಳಗಾಗಿ ತಾತ್ಕಾಲಿಕ ಗೇಟಿನ ಫಲಕಗಳನ್ನು ಇಳಿಸಿ ನೀರನ್ನು ತಡೆದಾಗ ಎಲ್ಲರೂ ಉಸಿರು ಬಿಟ್ಟರು. ನದಿಯ ಸುದ್ದಿಯನ್ನು ಊರೆಲ್ಲ ಮನೆಯ ಸುದ್ದಿಯಂತೆ ಮಾತನಾಡಿದ್ದನ್ನು ಕೇಳಿದಾಗ, ತಾವು ಎಂತಹ ನೆಲಕ್ಕೆ ಬಂದಿದ್ದೇವೆಂಬುದು ಮೈಸೂರಿನ ವೃದ್ಧೆಗೂ ಅರಿವಾಯಿತು.

ವರ್ಷ ಕಳೆದ ಮೇಲೆ ಹುಡುಕಾಟ ಮತ್ತೆ ಆರಂಭವಾಯಿತು. ಈ ಸಲ ಯಜಮಾನರು ಮೊದಲು ನೋಡಿದುದು ಕಾಗದಗಳನ್ನು, ಆಮೇಲೆ ಮನೆಯನ್ನು. ಮೂವತ್ತು ವರ್ಷದ ಋಣಭಾರ ಪತ್ರ, ಮಾರುವವನ ಹೆಸರಿನಲ್ಲಿ ಇ-ಖಾತೆ, ತೆರಿಗೆಯ ರಸೀತಿ, ನಿವೇಶನ ಹಿಂದೆ ಹೊಲವಾಗಿದ್ದರೆ ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದನೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರಕಾರ ಮಂಜೂರು ಮಾಡಿದ ಜಮೀನಾಗಿದ್ದರೆ 1978ರ ಕಾಯಿದೆಯಂತೆ ಸರಕಾರದ ಪೂರ್ವಾನುಮತಿಯಿಲ್ಲದೆ ಮಾರಾಟ ಸಲ್ಲದು; ಎಷ್ಟೋ ಕೈ ಬದಲಾದ ಮೇಲೂ ಅಂತಹ ಕ್ರಯ ಮುರಿದುಬಿದ್ದೀತು. ಇವುಗಳ ಜತೆಗೆ ಕಮಲಾಪುರದಲ್ಲಿ ಮತ್ತೆರಡು ಪ್ರಶ್ನೆಗಳು: ಸಂರಕ್ಷಿತ ಎಲ್ಲೆಯಿಂದ ದೂರವೆಷ್ಟು? ಪ್ರಾಧಿಕಾರದ ನಕ್ಷೆಯಲ್ಲಿ ಈ ಸ್ಥಳ ಯಾವ ವಲಯದಲ್ಲಿದೆ? ಇವೆರಡಕ್ಕೂ ಬಾಯಿಮಾತಿನ ಉತ್ತರ ಸಾಲದು. ಸರ್ವೆ ನಂಬರು ಬರೆದು ಅರ್ಜಿ ಕೊಟ್ಟು, ಲಿಖಿತ ಉತ್ತರವನ್ನೇ ಪಡೆಯಬೇಕು.

ಕೊನೆಗೆ ಸಿಕ್ಕಿದುದು ಸ್ಮಾರಕಗಳಿಂದ ದೂರದ ಬೀದಿಯೊಂದರ ಚಿಕ್ಕ ಮನೆ. ಬೇವಿನ ಮರವಿರಲಿಲ್ಲ, ಪಡಸಾಲೆಯೂ ಕಿರಿದು. ಕಾಗದಗಳು ಸರಿಯಾಗಿದ್ದವು. ಮೇಲೆ ಕಟ್ಟಲು ಅನುಮತಿ ದೊರೆಯಬಹುದು, ದೊರೆಯದಿರಲೂಬಹುದು. ಆ ಆಸೆಯನ್ನು ಬೆಲೆಯಲ್ಲಿ ಸೇರಿಸಲು ಯಜಮಾನರು ಒಪ್ಪಲಿಲ್ಲ. ಇದ್ದ ಮನೆಗೆ ಇದ್ದಷ್ಟು ಬೆಲೆ ಎಂದರು. ಆದರೂ ಕ್ರಯಪತ್ರದ ಹಿಂದಿನ ದಿನ ಅವರ ಮನಸ್ಸು ಹೊಯ್ದಾಡಿತು.

"ಅಮ್ಮಾ, ಹೊಸಪೇಟೆಯಲ್ಲಾದರೆ ಮುಂದೆ ಮಹಡಿ ಕಟ್ಟಬಹುದಿತ್ತು" ಎಂದರು.

"ಮಹಡಿ ಯಾರಿಗೆ ಬೇಕು ಕಣೋ? ನನಗೆ ಮೆಟ್ಟಿಲು ಹತ್ತಲಾಗದು. ನಿನ್ನ ಹೆಂಡತಿ ಮಧ್ಯಾಹ್ನ ಮನೆಗೆ ಬಂದು ಮಕ್ಕಳ ಜತೆ ಉಣ್ಣುತ್ತಾಳಲ್ಲ, ಅದಕ್ಕೆ ಏನು ಬೆಲೆ ಕಟ್ಟುತ್ತೀಯೆ?" ಎಂದಳು ತಾಯಿ.

ಬೇರೊಂದು ಸಂಸಾರದ ಲೆಕ್ಕ ಬೇರೆಯಾದೀತು. ಮುಂದೆ ಮನೆಯನ್ನು ಬೆಳೆಸಬೇಕೆನ್ನುವವರು, ಐದು ವರ್ಷಕ್ಕೆ ಮತ್ತೆ ವರ್ಗವಾಗಿ ಮಾರಿ ಹೋಗಬೇಕಾದವರು, ಆಸ್ಪತ್ರೆಯ ನೆರವು ಪದೇಪದೇ ಬೇಕಾದವರು ಹೊಸಪೇಟೆಯನ್ನು ಆರಿಸುವುದು ವಿವೇಕ. ಕೊಂಡ ಮನೆ ಇದ್ದಂತೆಯೇ ಇದ್ದರೂ ಸಾಕೆನ್ನುವವರಿಗೆ ಕಮಲಾಪುರ ಒಳ್ಳೆಯ ನೆರೆಹೊರೆ.

ಗೃಹಪ್ರವೇಶಕ್ಕೆ ಮೊದಲ ಮನೆಯ ಮುದುಕನನ್ನೂ ಕರೆದಿದ್ದರು. ಆತ ಬಂದು ಉಂಡು, ತಾಂಬೂಲ ತೆಗೆದುಕೊಂಡು, ಗೋಡೆಯನ್ನು ಕೈಯಿಂದ ಒಮ್ಮೆ ತಟ್ಟಿ ನೋಡಿ, "ಚಲೋ ಐತ್ರೀ" ಎಂದನು. ಮಗನ ಮದುವೆಯ ವಿಷಯವನ್ನು ಗೃಹಿಣಿ ಕೇಳಿದಳು. ಮದುವೆ ಆಗಿತ್ತು. ಮಗ ಸೊಸೆ ಹೊಸಪೇಟೆಯಲ್ಲಿ ಬಾಡಿಗೆಗಿದ್ದರು. ಕಲ್ಲಿನ ಗೋಡೆಯ ಆ ದೊಡ್ಡ ಮನೆಗೆ ಕೊಳ್ಳುವವರು ಇನ್ನೂ ಬಂದಿರಲಿಲ್ಲ. ಬಂದವರಿಗೆಲ್ಲ ಮುದುಕ ನಿಜವನ್ನೇ ಹೇಳುತ್ತಿದ್ದನು.