ವರ್ಷಕ್ಕೊಂದೇ ಇಳಿತ

ತೆಂಗು ಇದೆ, ಕಡಲೊಂದಿಲ್ಲ. ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಗೆ ಕರಾವಳಿಯಿಂದ ಬರುವ ನೆಂಟರ ಹಳೆಯ ಚೇಷ್ಟೆಯ ಮಾತಿದು. ಅವರ ಊರಲ್ಲಿ ತೋಟ ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಅಲೆ. ನಮ್ಮಲ್ಲಿ ತೋಟ ಮುಗಿದಲ್ಲಿ ರಾಗಿ ಹೊಲ, ಹೊಲ ಮುಗಿದಲ್ಲಿ ಜಾಲಿ, ಕಮರ, ಬಂದರಿಕೆ ಬೆಳೆದ ಕುರುಚಲು ಗುಡ್ಡ. ಈ ಕೊರತೆ ತುಂಬಿಕೊಳ್ಳಲೋ ಎಂಬಂತೆ, ಡಿಸೆಂಬರ್ ಬಂತೆಂದರೆ ಇಲ್ಲಿನ ಶಾಲೆಗಳ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ಕೊಬ್ಬರಿ ಮಾರಿದ ದುಡ್ಡು ಕೈಯಲ್ಲಿದ್ದ ವರ್ಷ ಸಂಸಾರಗಳೂ ಇಳಿಯುತ್ತವೆ. ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚಿಗೆ, ಅಲ್ಲಿಂದ ಗುಡ್ಡ ಹತ್ತಿಳಿದು ಮುಂದಿನ ದಂಡೆಗೆ ನಡೆಯುವ ಹುಡುಗರು ಈಗ ನಮ್ಮ ಹಳ್ಳಿಗಳಲ್ಲೂ ಇದ್ದಾರೆ. ಹೊನ್ನಾವರದಲ್ಲಿ ಶರಾವತಿಯ ಕಾಂಡ್ಲಾ ಕಾಡಿನೊಳಗೆ ಅರಣ್ಯ ಇಲಾಖೆ ಕಟ್ಟಿರುವ ಮರದ ಹಲಗೆಯ ಹಾದಿಯಲ್ಲಿ ತೆಗೆಸಿಕೊಂಡ ಫೋಟೊ ಇಲ್ಲದ ಮೊಬೈಲು ಅಪರೂಪ.

ಆ ಹಲಗೆ ಹಾದಿಯ ಬಗ್ಗೆ ನನಗೆ ತಕರಾರಿಲ್ಲ. ಕೆಸರಿಗೆ ಕಾಲಿಡದೆ ಕೆಸರನ್ನು ನೋಡಿಸುವ ಉಪಾಯ ಅದು. ಬೇರುಗಳು ನೀರಿನಿಂದ ಮೇಲೆದ್ದು ಉಸಿರಾಡುವುದನ್ನು, ಏಡಿ ತನ್ನ ಬಿಲದ ಬಾಯಲ್ಲಿ ಕೂತು ಕೊಂಡಿ ಆಡಿಸುವುದನ್ನು ಮಕ್ಕಳು ನಿಂತು ನೋಡಬಹುದು. ಆದರೆ ಅಲ್ಲಿಗೆ ಹೋಗಿಬಂದವರನ್ನು ಕೇಳಿನೋಡಿ: ನೀವು ಹೋದಾಗ ಉಬ್ಬರವಿತ್ತೋ, ಇಳಿತವೋ? ಹತ್ತರಲ್ಲಿ ಒಂಬತ್ತು ಜನ ಮುಖ ಮುಖ ನೋಡುತ್ತಾರೆ. ಕರಾವಳಿಯ ಬದುಕೆಲ್ಲ ಆ ಒಂದು ಪ್ರಶ್ನೆಯ ಮೇಲೆ ನಿಂತಿದೆ. ಕುಮಟಾ ಬಳಿ ಅಘನಾಶಿನಿ ಅಳಿವೆಯಲ್ಲಿ ಇಳಿತವಾದಾಗಲೇ ಹೆಂಗಸರು ಬುಟ್ಟಿ ಹಿಡಿದು ಬೆಳಚು ಹೆಕ್ಕಲು ಇಳಿಯುವುದು. ನೀರು ಬಿಟ್ಟುಕೊಟ್ಟ ಕೆಸರುಗಂಪೆಯ ಮೇಲೆ ಗೊರವಗಳು, ಬೆಳ್ಳಕ್ಕಿಗಳು ಸಾಲುಗಟ್ಟುವುದೂ ಆಗಲೇ. ಉಬ್ಬರದ ಹೊತ್ತಿಗೆ ಹೋದವನಿಗೆ ಕಾಣುವುದು ಚೆಂದದ ನೀರು ಮಾತ್ರ. ಸುಮಾರು ಆರು ತಾಸಿಗೊಮ್ಮೆ ಹೀಗೆ ಕಡಲು ತನ್ನ ಉಗ್ರಾಣದ ಬಾಗಿಲು ತೆರೆದು ಮುಚ್ಚುತ್ತದೆ.

ಇದೇ ಅಘನಾಶಿನಿ ಅಳಿವೆ 2024ರ ಜನವರಿಯಲ್ಲಿ ರಾಮ್ಸರ್ ಪಟ್ಟಿ ಸೇರಿತು. ಜಗತ್ತಿನ ಮಹತ್ವದ ಜೌಗು ನೆಲಗಳ ಪಟ್ಟಿ ಅದು. 1971ರಲ್ಲಿ ಇರಾನಿನ ರಾಮ್ಸರ್ ಪಟ್ಟಣದಲ್ಲಿ ಆದ ಒಪ್ಪಂದದಿಂದ ಆ ಹೆಸರು. ಕರ್ನಾಟಕದಿಂದ ಅದಕ್ಕೆ ಮುಂಚೆ ಆ ಪಟ್ಟಿಯಲ್ಲಿದ್ದುದು 2022ರಲ್ಲಿ ಸೇರಿದ ರಂಗನತಿಟ್ಟು ಒಂದೇ. ಅಘನಾಶಿನಿಯ ಸುದ್ದಿ ಬಂದ ದಿನ ಅದರ ಜೊತೆಗೇ ಸೇರಿದ ಕರ್ನಾಟಕದ ಇನ್ನೆರಡು ಹೆಸರುಗಳ ಮೇಲೆ ಹೆಚ್ಚಿನವರ ಕಣ್ಣು ನಿಲ್ಲಲಿಲ್ಲ. ಒಂದು ಗದಗ ಜಿಲ್ಲೆಯ ಮಾಗಡಿ ಕೆರೆ. ಇನ್ನೊಂದು ವಿಜಯನಗರ ಜಿಲ್ಲೆಯ ಅಂಕಸಮುದ್ರ. ಎರಡೂ ಅಪ್ಪಟ ಬಯಲುಸೀಮೆಯ ಕೆರೆಗಳು. ಮಾಗಡಿ ಕೆರೆಯ ವಿಸ್ತಾರ ಸುಮಾರು ಐವತ್ತು ಹೆಕ್ಟೇರು, ಅಂಕಸಮುದ್ರದ್ದು ನೂರರ ಒಳಗೆ. ಅಳಿವೆಯದು ಸಾವಿರಗಳ ಲೆಕ್ಕ. ಆದರೂ ಮಾಗಡಿಯ ಅಷ್ಟು ನೀರಿಗೆ ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅಂಕಸಮುದ್ರದ ಕೆರೆಯಂಗಳದ ಕರಿಜಾಲಿ ಮರಗಳ ತುಂಬ ಗೂಡುಗಳು. ಒಂದೇ ದಿನ ಪಟ್ಟಿ ಸೇರಿದ ಮೂರರಲ್ಲಿ ಎರಡು ಒಣನಾಡಿನವು ಎಂಬುದನ್ನು ನಮ್ಮ ಕಡೆಯವರು ಗಮನಿಸಬೇಕಿತ್ತು.

ಏಕೆಂದರೆ ನಮಗೊಂದು ಬೋರನಕಣಿವೆ ಇದೆ.

ಹುಳಿಯಾರಿನಾಚೆ, ಎರಡು ಗುಡ್ಡಗಳ ನಡುವಿನ ಸಂದಿಗೆ ಅಡ್ಡಗಟ್ಟಿ ಸುವರ್ಣಮುಖಿಯನ್ನು ನಿಲ್ಲಿಸಿದ ಜಲಾಶಯವಿದು. ನದಿ ಎಂದರೆ ಮಲೆನಾಡಿನವರು ನಕ್ಕಾರು. ವರ್ಷದ ಬಹುಪಾಲು ಮರಳೇ ಹರಿಯುವ ಹಳ್ಳ ಅದು, ಮುಂದೆ ಹಿರಿಯೂರಿನ ಕಡೆ ಸಾಗಿ ವೇದಾವತಿಯನ್ನು ಸೇರುತ್ತದೆ. ಮೈಸೂರು ಅರಸರ ಆಳ್ವಿಕೆಯಲ್ಲಿ, ಹತ್ತೊಂಬತ್ತನೇ ಶತಮಾನ ಮುಗಿಯುವ ಹೊತ್ತಿಗೆ ಕಟ್ಟಿದ್ದು. 1876ರಿಂದ 78ರವರೆಗಿನ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನರಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಕಳೆದುಕೊಂಡಿತ್ತು. ಆ ಗಾಯ ಆರುವ ಮುನ್ನ ಹೂಡಿದ ನೀರಿನ ಕೆಲಸಗಳ ಕಾಲ ಅದು. ಇದರ ಬೆನ್ನಿಗೇ ನೆರೆಯ ಮಾರಿಕಣಿವೆಯಲ್ಲಿ ದೊಡ್ಡ ಕೆಲಸ 1898ರಲ್ಲಿ ಶುರುವಾಗಿ 1907ರಲ್ಲಿ ಮುಗಿಯಿತು. ನಾವೀಗ ವಾಣಿವಿಲಾಸ ಸಾಗರ ಎನ್ನುವುದು ಅದನ್ನೇ. 1933ರಲ್ಲಿ ತುಂಬಿ ಕೋಡಿ ಹರಿದದ್ದು ಬಿಟ್ಟರೆ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಎಂಬತ್ತೊಂಬತ್ತು ವರ್ಷ ಕಾಯಿಸಿದ ಜಲಾಶಯ! ಈ ಭಾಗದ ಮಳೆಯ ಸ್ವಭಾವ ತಿಳಿಯಲು ಬೇರೆ ಅಂಕಿಅಂಶ ಬೇಡ.

ಆದ್ದರಿಂದ ಕೋಡಿ ಬಿದ್ದ ಸುದ್ದಿ ಬಂದರೆ ಬೋರನಕಣಿವೆಗೆ ಜಾತ್ರೆ ಸೇರುವುದು ಸಹಜವೇ. ಬಾಗಿನ, ಬಾಳೆಹಣ್ಣು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಟ್ರ್ಯಾಕ್ಟರಿನಲ್ಲಿ ಬಂದ ಊರಿಗೆ ಊರು. ನೀರನ್ನೇ ಕಾಣದ ಮಕ್ಕಳು ನೀರು ನೋಡಲಿ. ಆದರೆ ಹಕ್ಕಿ ನೋಡಬೇಕೆಂದು ಆ ವಾರ ದುರ್ಬೀನು ಹಿಡಿದು ಹೋದವನು ಬರಿಗೈಯಲ್ಲಿ ಬರುತ್ತಾನೆ. ನಡುನೀರಿನಲ್ಲಿ ನಾಲ್ಕು ನೀರುಕಾಗೆ, ತೀರದ ಮುಳುಗಿದ ಜಾಲಿಯ ತುದಿಯಲ್ಲೊಂದು ಮಿಂಚುಳ್ಳಿ. ಅಲ್ಲಿ ದನ ಮೇಯಿಸುತ್ತಿದ್ದ ಯಜಮಾನರೊಬ್ಬರು ನನ್ನ ಕೊರಳಿನ ದುರ್ಬೀನು ನೋಡಿ ಹೇಳಿದ್ದು ಹೀಗೆ: "ಈಗ್ ಬಂದ್ರೆ ಏನ್ ಸಿಕ್ತೈತೆ ಮೇಷ್ಟ್ರೇ? ಸಂಕ್ರಾಂತಿ ಕಳೀಲಿ. ನೀರು ಹಿಂದಕ್ಕೋದಂಗೆ ಹಕ್ಕಿ ಮುಂದಕ್ ಬತ್ತವೆ."

ಪಕ್ಷಿಶಾಸ್ತ್ರದ ಒಂದು ಅಧ್ಯಾಯವೇ ಆ ಮಾತಿನಲ್ಲಿತ್ತು. ಕಡಲಿಗೆ ದಿನಕ್ಕೆರಡು ಉಬ್ಬರ, ಎರಡು ಇಳಿತ. ಬೋರನಕಣಿವೆಗೆ ವರ್ಷಕ್ಕೊಂದೇ ಉಬ್ಬರ, ಅದೂ ಮಳೆರಾಯ ಒಪ್ಪಿದರೆ. ಆಮೇಲೆ ಕಾರ್ತೀಕದಿಂದ ವೈಶಾಖದವರೆಗೆ ಒಂದೇ ಸಮನೆ ಇಳಿತ. ಅಳಿವೆಯಲ್ಲಿ ತಾಸುಗಳಲ್ಲಿ ಆಗಿಹೋಗುವುದು ಇಲ್ಲಿ ತಿಂಗಳುಗಟ್ಟಲೆ ನಡೆಯುತ್ತದೆ. ನೀರಿನ ಅಂಚು ವಾರದಿಂದ ವಾರಕ್ಕೆ ಒಂದಿಷ್ಟು ಹಿಂದೆ ಸರಿಯುತ್ತ ಹೊಸ ಕೆಸರನ್ನು ಬಿಡುತ್ತ ಹೋಗುತ್ತದೆ. ಆ ಕೆಸರಿನಲ್ಲಿ ಹುಳು, ಶಂಖದಹುಳು, ಕಪ್ಪೆ. ತಗ್ಗಿನಲ್ಲಿ ಸಿಕ್ಕಿಹಾಕಿಕೊಂಡ ಮೀನು. ದೊಡ್ಡ ನೀರಿನಲ್ಲಿ ಚೆದುರಿಹೋಗಿದ್ದ ಮೀನೆಲ್ಲ ಸಣ್ಣ ನೀರಿನಲ್ಲಿ ಒತ್ತೊತ್ತಾಗಿ ಸೇರುತ್ತವೆ.

ಮಾಘದ ಒಂದು ಬೆಳಿಗ್ಗೆ ಅಂಚಿನಿಂದ ದೂರ ಕುಳಿತು ಒಂದೇ ಒಂದು ಬಣ್ಣದ ಕೊಕ್ಕರೆಯನ್ನು ಅರ್ಧ ತಾಸು ನೋಡಿ, ಸಾಕು. ಅದು ಕಣ್ಣಿನಿಂದ ಮೀನು ಹುಡುಕುವ ಹಕ್ಕಿಯಲ್ಲ. ಹಳದಿ ಕೊಕ್ಕನ್ನು ಅರೆತೆರೆದು ನೀರಿಗಿಳಿಸಿ ಅತ್ತಿಂದಿತ್ತ ಬೀಸುತ್ತ, ಕಾಲಿನಿಂದ ತಳ ಕಲಕುತ್ತ, ಆಗಾಗ ಒಂದು ರೆಕ್ಕೆಯನ್ನು ಫಕ್ಕನೆ ಬಿಚ್ಚಿ ಮೀನನ್ನು ಬೆದರಿಸುತ್ತ ನಡೆಯುತ್ತದೆ. ಮೀನು ಕೊಕ್ಕಿನ ಒಳಬದಿಗೆ ತಾಗಿದ್ದೇ ತಡ, ಪಟ್ಟನೆ ಮುಚ್ಚುತ್ತದೆ. ಈ ವಿದ್ಯೆ ಆಳದ ನೀರಿನಲ್ಲಿ ನಡೆಯುವುದಿಲ್ಲ. ಕಾಲು ಮುಳುಗುವಷ್ಟೇ ನೀರಿರಬೇಕು, ಮೀನು ದಟ್ಟವಾಗಿರಬೇಕು. ಶಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದಲ್ಲಿ ಊರ ನಡುವಿನ ಹುಣಸೆ ಮರಗಳ ಮೇಲೆ ಇವೇ ಕೊಕ್ಕರೆಗಳು ಬೂದುಬಕಗಳ ಜೊತೆ ಗೂಡು ಕಟ್ಟುತ್ತವೆ. ಊರವರು ಅವನ್ನು ಮನೆಮಕ್ಕಳಂತೆ ಕಾಯ್ದುಕೊಂಡು ಬಂದಿದ್ದಾರೆ. ಮರಿಗಳು ಬಾಯಿ ತೆರೆಯುವ ಕಾಲವೂ ಸುತ್ತಲಿನ ಕೆರೆಗಳ ನೀರು ತಗ್ಗುವ ಕಾಲವೂ ಒಂದೇ ಆಗಿರುವುದು ಕಾಕತಾಳೀಯವಲ್ಲ. ಮರ ಕಾಯುವ ಊರು ಒಂದು ಕಡೆ, ಕೊಕ್ಕರೆಯ ಅನ್ನದ ತಟ್ಟೆ ಹತ್ತಾರು ಕೆರೆಯಂಗಳಗಳಲ್ಲಿ. ಮರಕ್ಕೆ ಫಲಕ ಹಾಕುತ್ತೇವೆ, ತಟ್ಟೆಗೆ ಹಾಕುವುದಿಲ್ಲ.

ಇನ್ನೂ ಬಿಸಿಲೇರಿದರೆ, ಚೈತ್ರದ ಹೊತ್ತಿಗೆ, ಒಣಗಿ ಬಿರಿದ ಅಂಗಳದಲ್ಲಿ ಟಿಟ್ಟಿಭದ ಗಲಾಟೆ. ತಲೆಯ ಮೇಲೆ ಸುತ್ತುತ್ತ ಕಿರುಚಿದರೆ ಅಲ್ಲೇ ಎಲ್ಲೋ ಮೊಟ್ಟೆ ಇದೆಯೆಂದು ತಿಳಿದು ಬಂದ ದಾರಿಯಲ್ಲೇ ಹಿಂದಿರುಗಬೇಕು. ಗೂಡು ಎನ್ನಲು ಏನೂ ಇರುವುದಿಲ್ಲ. ನೊರಜುಗಲ್ಲಿನ ನಡುವೆ ಅಂಗೈಯಗಲದ ತಗ್ಗು. ಅದರಲ್ಲಿ ಮಣ್ಣಿನದೇ ಬಣ್ಣದ, ಕಪ್ಪು ಚುಕ್ಕೆಯ ನಾಲ್ಕು ಮೊಟ್ಟೆಗಳು, ಚೂಪು ತುದಿಗಳನ್ನು ಒಳಮುಖ ಮಾಡಿ ಜೋಡಿಸಿಟ್ಟಂತೆ. ಬಿಸಿಲು ತಡೆಯಲಾರದಾದಾಗ ತಾಯಿಯೋ ತಂದೆಯೋ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುತ್ತದೆ. ಮೊಟ್ಟೆಗೆ ತಣ್ಣೀರುಬಟ್ಟೆ! ಇದನ್ನು ನೋಡಲು ಟಿಕೆಟ್ಟಿಲ್ಲ, ಜೀಪ್ ಸಫಾರಿ ಬೇಕಿಲ್ಲ. ಸುಮ್ಮನೆ ಕೂರುವ ವ್ಯವಧಾನ ಬೇಕು, ಅದು ಮಾತ್ರ ಬಾಡಿಗೆಗೆ ಸಿಗುವುದಿಲ್ಲ.

ನೀರಿನ ಅಂಚು ಬಿಟ್ಟು ಗುಡ್ಡದ ಕಡೆ ತಿರುಗಿದರೆ ಬುಕ್ಕಾಪಟ್ಟಣದ ಕಾಡು. ಕಾಡು ಎಂದರೆ ಮತ್ತೆ ಮಲೆನಾಡಿನವರು ನಕ್ಕಾರು. ಆದರೆ ವನ್ಯಜೀವಿ ತಜ್ಞ ಸಂಜಯ್ ಗುಬ್ಬಿ ಮತ್ತು ಸಂಗಡಿಗರು ಇಟ್ಟ ಕ್ಯಾಮೆರಾಗಳಲ್ಲಿ ಅಲ್ಲಿ ಚಿಂಕಾರ ಕಂಡಿತು. ರಾಜಸ್ಥಾನದ ಮರಳುಗಾಡಿನಲ್ಲಿ ಹೆಸರಾದ, ಗಿಡದೆಲೆಯ ತೇವದಲ್ಲೇ ದಿನಗಟ್ಟಲೆ ನೀರಿಲ್ಲದೆ ನಡೆಸಬಲ್ಲ ಆ ಪ್ರಾಣಿ ನಮ್ಮ ಕುರುಚಲಲ್ಲೂ ಇತ್ತು, ನಮಗೆ ಗೊತ್ತಿರಲಿಲ್ಲ. ಕೊಂಡುಕುರಿ, ಕೃಷ್ಣಮೃಗಗಳೂ ಇರುವ ಆ ಕಾಡು 2019ರಲ್ಲಿ ಚಿಂಕಾರ ವನ್ಯಜೀವಿಧಾಮವಾಯಿತು. ಧಾಮದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಇಡಲೂಬಾರದು. ಚಾರಣದ ಹುಮ್ಮಸ್ಸಿನ ಹುಡುಗರಿಗೆ ಇದನ್ನು ಒತ್ತಿ ಹೇಳುತ್ತೇನೆ. ಕರಡಿ ಇರುವ ಗುಡ್ಡದಲ್ಲಿ ದಾರಿ ತಪ್ಪಿ ರೀಲ್ಸ್ ಮಾಡುವುದು ಶೌರ್ಯವಲ್ಲ.

ಈಗ ಸ್ವಲ್ಪ ಕಟುವಾದ ಮಾತು. ಜಲಾಶಯ ಎಂದ ಕೂಡಲೇ ನಮ್ಮ ಸಭೆಗಳಲ್ಲಿ ಏಳುವ ಬೇಡಿಕೆ ಒಂದೇ: ಬೋಟಿಂಗ್ ಬೇಕು, ಕಾರಂಜಿ ಬೇಕು, ಸುತ್ತ ಕಲ್ಲು ಕಟ್ಟಿ ವಾಕಿಂಗ್ ಹಾದಿ ಬೇಕು. ಬೆಂಗಳೂರಿನ ಹಲವು ಕೆರೆಗಳಿಗೆ ಇದೇ ಆಯಿತು. ಅಂಚಿಗೆ ಕಲ್ಲು ಜೋಡಿಸಿ ಬಟ್ಟಲಿನಂತೆ ಮಾಡಿದರೆ ನೀರು ನೇರ ಆಳಕ್ಕಿಳಿಯುತ್ತದೆ. ಕೆಸರಂಚೇ ಉಳಿಯದ ಕೆರೆ ಕೊಕ್ಕರೆಗೆ ಸಿಮೆಂಟು ತೊಟ್ಟಿಯಿದ್ದಂತೆ. ಹೂಳೆತ್ತುವ ಕೆಲಸದಲ್ಲೂ ಇದೇ ಕಥೆ. ಜೆಸಿಬಿಗೆ ಸುಲಭವಾಗಿ ಸಿಗುವುದು ದಡದ ಮಣ್ಣು, ಟ್ರ್ಯಾಕ್ಟರ್ ಇಳಿಯುವುದೂ ಅಲ್ಲಿಗೇ. ಹಾಗಾಗಿ ದಡದಲ್ಲೇ ಕಡಿದಾದ ಗುಂಡಿಗಳು ಬೀಳುತ್ತವೆ. ಹಕ್ಕಿಗೂ ಹೋಯಿತು, ದನ ತೊಳೆಯಲು ಇಳಿದ ಹುಡುಗರ ಜೀವಕ್ಕೂ ಸಂಚಕಾರ.

ನೀರು ಬೇಡವೆಂದು ಹೇಳುವಷ್ಟು ಸೊಕ್ಕು ಈ ಸೀಮೆಯಲ್ಲಿ ಯಾರಿಗೂ ಇಲ್ಲ. ಸಾವಿರ ಅಡಿ ಕೊರೆದರೂ ಧೂಳು ಬಂದ ಕೊಳವೆಬಾವಿಗಳನ್ನು, ಸುಳಿ ಬಿದ್ದು ಕಂಬದಂತೆ ನಿಂತ ತೆಂಗಿನ ಮರಗಳನ್ನು ನಾವೆಲ್ಲ ನೋಡಿದವರೇ. ತಿಪಟೂರು, ತುರುವೇಕೆರೆಯ ಕೆರೆಗಳಿಗೆ ಹೇಮಾವತಿಯ ನಾಲೆ ಬಂದಾಗ ಅಂತರ್ಜಲ ಮೇಲೆದ್ದುದನ್ನೂ ಕಂಡಿದ್ದೇವೆ. ಕಣಿವೆ ತುಂಬಲಿ, ತೋಟ ಬದುಕಲಿ. ತುಂಬಿದ ನೀರು ಬೇಸಿಗೆಯಲ್ಲಿ ತಗ್ಗುವುದು ಹೇಗೂ ತಪ್ಪಿದ್ದಲ್ಲ. ಆ ತಗ್ಗುವ ಕಾಲ ಯಾರಿಗೂ ನಷ್ಟವಲ್ಲ, ಹಕ್ಕಿಗಳ ಹಂಗಾಮು ಅದು ಎಂದು ಒಪ್ಪಿಕೊಂಡರೆ ಸಾಕು. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಹೂಳನ್ನು ನಡುವಿನ ಹಳ್ಳದ ಪಾತ್ರದಿಂದ ತೆಗೆಯುವುದು, ಹಿನ್ನೀರಿನ ಕಡೆಯ ಇಳಿಜಾರನ್ನು ಇದ್ದಂತೆ ಬಿಡುವುದು, ಮುಳುಗಡೆಯ ಜಾಲಿ ಮರಗಳನ್ನು ಕಡಿಯದಿರುವುದು, ಅಂಗಳವನ್ನೆಲ್ಲ ಉಳುವ ಬದಲು ಟಿಟ್ಟಿಭ ಮೊಟ್ಟೆಯಿಡುವ ನೊರಜುಗಲ್ಲಿನ ಪಟ್ಟಿಯನ್ನು ಬಿಟ್ಟುಕೊಡುವುದು. ಮೀನುಗಾರರು ಹರಿದ ನೈಲಾನು ಬಲೆಯನ್ನು ದಡದಲ್ಲಿ ಬಿಸಾಡದಿದ್ದರೆ ಅದೇ ದೊಡ್ಡ ಉಪಕಾರ. ಹಕ್ಕಿಯ ಕಾಲು ಅದರಲ್ಲಿ ಸಿಕ್ಕಿಕೊಂಡರೆ ಬಿಡಿಸುವವರಿಲ್ಲ.

ಈ ಸಲ ಪ್ರವಾಸದ ಬಸ್ಸು ಘಟ್ಟ ಇಳಿಯಲಿ, ಬೇಡ ಎನ್ನುವುದಿಲ್ಲ. ಹೊನ್ನಾವರದಲ್ಲಿ ಇಳಿತದ ಹೊತ್ತು ಕೇಳಿಕೊಂಡು ಕಾಂಡ್ಲಾ ನೋಡಿ. ಹಿಂದಿರುಗಿದ ಮೇಲೆ, ಜನವರಿ ಫೆಬ್ರವರಿಯ ಒಂದು ಭಾನುವಾರ ಬೋರನಕಣಿವೆಗೆ ಮಕ್ಕಳನ್ನು ಕರೆದೊಯ್ಯಿರಿ. ಸೂರ್ಯ ಹುಟ್ಟುವ ಮೊದಲೇ ತಲುಪಿ, ಬೆಳಕು ಬೆನ್ನಿಗಿರುವಂತೆ ಕೂರಿ, ಮಾಸಲು ಬಣ್ಣದ ಬಟ್ಟೆ ಹಾಕಿ. ಸ್ಪೀಕರು, ಡ್ರೋನು, ನಾಯಿ ಬೇಡ. ಪೂರ್ಣಚಂದ್ರ ತೇಜಸ್ವಿಯವರ ಹಕ್ಕಿಗಳ ಪುಸ್ತಕವೊಂದು ಚೀಲದಲ್ಲಿರಲಿ. ಕಂಡ ಹಕ್ಕಿಯ ಹೆಸರನ್ನೂ ಆ ದಿನ ನೀರಿನ ಅಂಚು ಎಲ್ಲಿತ್ತೆಂಬುದನ್ನೂ ಮಕ್ಕಳ ಕೈಯಲ್ಲಿ ಬರೆಸಿ. ನಾಲ್ಕೈದು ಶಾಲೆಗಳು ನಾಲ್ಕೈದು ವರ್ಷ ಹೀಗೆ ಬರೆದಿಟ್ಟರೆ, ದಡಕ್ಕೆ ಕಲ್ಲು ಕಟ್ಟುವ ಯೋಜನೆ ಯಾರಾದರೂ ತಂದ ದಿನ ಮೇಜಿನ ಮೇಲಿಡಲು ನಮ್ಮ ಬಳಿ ಒಂದು ದಾಖಲೆಯಾದರೂ ಇರುತ್ತದೆ.